ಅದೇ ಮನೆಗೆ ಮತ್ತೆ ಹೋಗಿ: ರಾಜ್ಯ ಸರ್ಕಾರಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಯೋಜನೆ ಮತ್ತು ಸಾಂಖ್ಯಿಕ ಇಲಾಖೆಯ ಸಚಿವರು ಮತ್ತು ಹಿರಿಯ ಅಧಿಕಾರಿಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಈ ಪತ್ರದಲ್ಲಿ ಇರುವುದು ಒಂದೇ ಬೇಡಿಕೆ. ರಾಜ್ಯದಾದ್ಯಂತ ಸುಮಾರು ಹತ್ತು ಸಾವಿರ ಮನೆಗಳನ್ನು ಆರಿಸಿಕೊಳ್ಳಿ. ಎರಡು ಮೂರು ವರ್ಷಕ್ಕೊಮ್ಮೆ ಅದೇ ಮನೆಗಳಿಗೆ, ಅದೇ ಜನರ ಬಳಿಗೆ ಮತ್ತೆ ಮತ್ತೆ ಹೋಗಿ. ಇಪ್ಪತ್ತು ಮೂವತ್ತು ವರ್ಷ ಬಿಡದೆ ಹೋಗಿ. ಸಿಕ್ಕ ಮಾಹಿತಿಯಿಂದ ಹೆಸರು, ವಿಳಾಸ ತೆಗೆದು ಎಲ್ಲರಿಗೂ ಉಚಿತವಾಗಿ ಕೊಡಿ.

ನಮ್ಮಲ್ಲಿ ಸಮೀಕ್ಷೆಗಳಿಗೆ ಕೊರತೆ ಇಲ್ಲ ಎಂದು ನೀವು ಹೇಳಬಹುದು. ನಿಜ. 2015ರಲ್ಲಿ ಇಡೀ ರಾಜ್ಯದ ಮನೆಮನೆ ಸಮೀಕ್ಷೆ ಆಯಿತು. 2025ರಲ್ಲಿ ಇನ್ನೊಂದು ಆಯಿತು. ಮೇಷ್ಟ್ರುಗಳು, ಮೇಡಂಗಳು ದಸರಾ ರಜೆಯಲ್ಲಿ ಮನೆ ಮನೆ ಹತ್ತಿ 60 ಪ್ರಶ್ನೆ ಕೇಳಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೆಲವು ವರ್ಷಕ್ಕೊಮ್ಮೆ ಬರುತ್ತದೆ. ಉದ್ಯೋಗದ ಬಗ್ಗೆ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆ ನಡೆಯುತ್ತಲೇ ಇರುತ್ತದೆ. ಇವೆಲ್ಲ ಬೇಕು. ಆದರೆ ಇವುಗಳಿಂದ ಒಬ್ಬ ಮನುಷ್ಯನ ಬದುಕು ಹೇಗೆ ಬದಲಾಯಿತು ಎಂದು ತಿಳಿಯುವುದಿಲ್ಲ. ಕುಟುಂಬ ಆರೋಗ್ಯ ಸಮೀಕ್ಷೆ ಪ್ರತಿ ಸಲವೂ ಬೇರೆ ಮನೆಗಳಿಗೆ ಹೋಗುತ್ತದೆ. ಪಿಎಲ್‌ಎಫ್‌ಎಸ್‌ನವರು ಒಂದೇ ಮನೆಗೆ ನಾಲ್ಕು ಸಲ ಹೋಗಿ ಆಮೇಲೆ ಕೈಬಿಡುತ್ತಾರೆ. ಜಾತ್ರೆಯಲ್ಲಿ ವರ್ಷ ವರ್ಷವೂ ತಲೆ ಎಣಿಸಿದ ಹಾಗೆ ಇದು. ಎಷ್ಟು ಜನ ಬಂದರು ಅನ್ನುವುದು ಗೊತ್ತಾಗುತ್ತದೆ. ಹೋದ ವರ್ಷ ಬಂದಿದ್ದವರು ಈ ವರ್ಷ ಯಾಕೆ ಬರಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳ ಪೈಕಿ 18 ತುಂಬುವ ಮೊದಲೇ ಮದುವೆಯಾದವರು ಎಷ್ಟು? 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 21. ಮುಂದಿನ ಸುತ್ತಿನಲ್ಲೂ, ಅಂದರೆ 2019–21ರಲ್ಲೂ, ಸುಮಾರು 21. ನಾಲ್ಕೈದು ವರ್ಷದಲ್ಲಿ ಏನೂ ಬದಲಾಗಲಿಲ್ಲ ಎಂದು ಈ ಅಂಕಿ ಹೇಳುತ್ತದೆ. ಸರಿ. ಆದರೆ ಮೊದಲ ಸುತ್ತಿನಲ್ಲಿ ಸಿಕ್ಕ ಆ ಹೆಣ್ಣುಮಕ್ಕಳು ಈಗ ಮೂವತ್ತರ ಆಸುಪಾಸಿನಲ್ಲಿ ಇರುತ್ತಾರೆ. ಅವರಲ್ಲಿ ಎಷ್ಟು ಜನ ಮತ್ತೆ ಓದಿದರು? ಎಷ್ಟು ಜನ ಗಾರ್ಮೆಂಟ್ಸ್ ಸೇರಿದರು? ಎಷ್ಟು ಜನ ತವರಿಗೆ ವಾಪಸ್ ಬಂದರು? ಅವರ ಮಗಳು ಈಗ ಶಾಲೆಯಲ್ಲಿ ಇದ್ದಾಳಾ? ಯಾವ ಸರ್ಕಾರಿ ವರದಿ ತೆಗೆದು ನೋಡಿದರೂ ಉತ್ತರ ಸಿಗುವುದಿಲ್ಲ. ನನ್ನ ತರಗತಿಯ ಹುಡುಗಿಯರು ಕೇಳುವುದು ಇಂಥ ಪ್ರಶ್ನೆಗಳನ್ನೇ. ಅವರ ಜೊತೆ ಹೈಸ್ಕೂಲಿನಲ್ಲಿ ಕೂತಿದ್ದ ಗೆಳತಿಯರ ಬಗ್ಗೆ ಅವರು ಕೇಳುತ್ತಿದ್ದಾರೆ.

ಅದೇ ಮನೆಗೆ ಮತ್ತೆ ಹೋದರೆ ಎಂಥ ಸಂಗತಿ ಕಾಣುತ್ತದೆ ಎಂದು ತೋರಿಸಲು ನಮ್ಮ ದೇಶದ್ದೇ ಒಂದು ಕೆಲಸ ಇದೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ, ಐಎಚ್‌ಡಿಎಸ್ ಎಂದು ಕರೆಯುತ್ತಾರೆ. ದೆಹಲಿಯ ಎನ್‌ಸಿಎಇಆರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ನಡೆಸುವ ಸಮೀಕ್ಷೆ ಇದು. 2004–05ರಲ್ಲಿ ದೇಶದ 41,554 ಮನೆಗಳಿಗೆ ಹೋದರು. ಕರ್ನಾಟಕದ ಮನೆಗಳೂ ಅದರಲ್ಲಿ ಇದ್ದವು. 2011–12ರಲ್ಲಿ ಅದೇ ಮನೆಗಳನ್ನು ಹುಡುಕಿಕೊಂಡು ಹೋದರು. ನೂರಕ್ಕೆ 83 ಮನೆಗಳು ಮತ್ತೆ ಸಿಕ್ಕವು. 2022–24ರಲ್ಲಿ ಮೂರನೇ ಸುತ್ತು ನಡೆಯಿತು.

ಇದರಲ್ಲಿ ಬಡತನದ ಲೆಕ್ಕ ನೋಡಿ. 2011–12ರಲ್ಲಿ ನೂರಕ್ಕೆ 21.2ರಷ್ಟು ಜನ ಬಡವರಾಗಿದ್ದರು. 2022–24ರ ಹೊತ್ತಿಗೆ ಅದು 8.5ಕ್ಕೆ ಇಳಿಯಿತು. ಬೇರೆ ಯಾವುದೇ ಸಮೀಕ್ಷೆ ಇಲ್ಲಿಗೆ ನಿಲ್ಲುತ್ತಿತ್ತು. ಪತ್ರಿಕೆಯಲ್ಲಿ ಬಡತನ ಇಳಿಯಿತು ಎಂದು ಸುದ್ದಿ ಬರುತ್ತಿತ್ತು. ಆದರೆ ಇವರ ಬಳಿ ಅದೇ ಕುಟುಂಬಗಳ ಹಳೆಯ ಲೆಕ್ಕವೂ ಇತ್ತು. ಹಾಗಾಗಿ ಆ 8.5ರ ಒಳಗೆ ಯಾರಿದ್ದಾರೆ ಎಂದು ನೋಡಲು ಆಯಿತು. ಮೊದಲಿನಿಂದಲೂ ಬಡತನದಲ್ಲೇ ಇದ್ದವರು ಬರೀ 3.2. ಉಳಿದ 5.3ರಷ್ಟು ಜನ ಹಿಂದಿನ ಸುತ್ತಿನಲ್ಲಿ ಬಡವರಾಗಿರಲಿಲ್ಲ. ನಡುವೆ ಬಿದ್ದವರು.

ಈ ಒಂದು ಅಂಕಿಯನ್ನು ದಯವಿಟ್ಟು ಎರಡು ಸಲ ಓದಿ. ಇಂದಿನ ಬಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಿನ್ನೆ ಬಡವರಾಗಿರಲಿಲ್ಲ. ಅಂದರೆ ಒಂದು ಸಲ ಪಟ್ಟಿ ಮಾಡಿ, ಆ ಪಟ್ಟಿಯಲ್ಲಿ ಇದ್ದವರಿಗೆ ಹತ್ತು ವರ್ಷ ಸೌಲಭ್ಯ ಕೊಡುವ ನಮ್ಮ ಪದ್ಧತಿಗೆ ಹೊಸದಾಗಿ ಬಿದ್ದವರು ಕಾಣುವುದೇ ಇಲ್ಲ. ಇದೇ ಸಮೀಕ್ಷೆಯ ಮೊದಲೆರಡು ಸುತ್ತುಗಳನ್ನು ಇಟ್ಟುಕೊಂಡು ಸಂಶೋಧಕರು ಇನ್ನೊಂದು ವಿಷಯ ತೋರಿಸಿದ್ದರು. ಬಡತನದಿಂದ ಮೇಲೆ ಬರಲು ನೆರವಾಗುವ ಕಾರಣಗಳೂ ಬಡತನಕ್ಕೆ ತಳ್ಳುವ ಕಾರಣಗಳೂ ಪೂರ್ತಿ ಒಂದೇ ಅಲ್ಲ. ದಲಿತ ಮತ್ತು ಆದಿವಾಸಿ ಕುಟುಂಬಗಳಿಗೆ ಬೀಳುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಓದು, ಆಸ್ತಿ, ಸಂಪರ್ಕಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಪಾಯ ಪೂರ್ತಿ ಹೋಗುವುದಿಲ್ಲ. ಒಂದೇ ಸಲ ಹೋಗಿ ಬರುವ ಸಮೀಕ್ಷೆಯಿಂದ ಇದನ್ನು ಹೇಳಲು ಆಗುತ್ತಿರಲಿಲ್ಲ.

ಈ ಮಾಹಿತಿ ಯಾರು ಬೇಕಾದರೂ ಪಡೆಯಬಹುದು ಅನ್ನುವುದು ಇನ್ನೂ ದೊಡ್ಡ ಮಾತು. ಮೊದಲೆರಡು ಸುತ್ತುಗಳನ್ನು ನಾನೂ ಇಳಿಸಿಕೊಂಡಿದ್ದೇನೆ. ಒಂದು ರೂಪಾಯಿ ಖರ್ಚಿಲ್ಲ. ಖಾಸಗಿ ಸಂಸ್ಥೆಯೊಂದು 2014ರಿಂದ ದೇಶದ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ವರ್ಷಕ್ಕೆ ಮೂರು ಸಲ ಹೋಗುತ್ತಿದೆ. ಅದು ಚಂದಾ ಕಟ್ಟಿದವರಿಗೆ ಮಾತ್ರ. ಆ ಚಂದಾ ಕಟ್ಟುವ ಶಕ್ತಿ ನಮ್ಮಂಥ ಕಾಲೇಜಿಗೆ ಇಲ್ಲ. ಜನರ ತೆರಿಗೆಯಿಂದ, ಜನರೇ ಕೂತು ಉತ್ತರ ಕೊಟ್ಟು ಆದ ಮಾಹಿತಿ ಜನರಿಗೆ ಸಿಗಬೇಕು ಅಲ್ವಾ?

ಈಗ ನಮ್ಮ ಪಾವಗಡದ ಮಾತಿಗೆ ಬರುತ್ತೇನೆ. ಪಾವಗಡ ತಾಲ್ಲೂಕಿನ ಸುತ್ತ ಮೂರು ಕಡೆ ಆಂಧ್ರ ಇದೆ. ಅದೇ ಮಣ್ಣು, ಅದೇ ಶೇಂಗಾ, ಅದೇ ಬರ. ಗಡಿಯಾಚೆ ಅವಿಭಜಿತ ಅನಂತಪುರ ಜಿಲ್ಲೆ. 2002ರಲ್ಲಿ ‘ಯಂಗ್ ಲೈವ್ಸ್’ ಎಂಬ ಅಧ್ಯಯನ ಇಥಿಯೋಪಿಯಾ, ಪೆರು, ವಿಯೆಟ್ನಾಂ ಮತ್ತು ಭಾರತದ ಒಟ್ಟು 12,000 ಮಕ್ಕಳ ಬದುಕಿನ ಜಾಡು ಹಿಡಿಯಲು ಹೊರಟಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಇದನ್ನು ಮುನ್ನಡೆಸುತ್ತದೆ. ಭಾರತದಲ್ಲಿ ಆರಿಸಿಕೊಂಡದ್ದು ಆಗಿನ ಆಂಧ್ರಪ್ರದೇಶವನ್ನು, ಸುಮಾರು 3,000 ಮಕ್ಕಳನ್ನು. ಅನಂತಪುರವೂ ಅದರಲ್ಲಿ ಸೇರಿತ್ತು. ಆಗ ಒಂದು ವರ್ಷದ ಕೂಸಾಗಿದ್ದವರಿಗೆ ಈಗ ಇಪ್ಪತ್ತು ದಾಟಿದೆ. ಅವರು ಶಾಲೆಗೆ ಸೇರಿದ್ದು, ಬಿಟ್ಟದ್ದು, ಮದುವೆಯಾದದ್ದು, ಕೆಲಸಕ್ಕೆ ಹೋದದ್ದು ಎಲ್ಲಕ್ಕೂ ದಾಖಲೆ ಇದೆ. ಕೋವಿಡ್ ಬಂದು ಮನೆಗೆ ಹೋಗಲಾಗದಾಗ ಫೋನ್ ಮಾಡಿ ಕೇಳಿದರು. ಬಿಡಲಿಲ್ಲ.

ಆ ಮಕ್ಕಳ ಎತ್ತರ ತೂಕ ನೋಡಿ ಸಂಶೋಧಕರು ಒಂದು ಪ್ರಶ್ನೆ ಕೇಳಿದರು. ತೀರಾ ಚಿಕ್ಕವರಿದ್ದಾಗ ಬರಕ್ಕೆ ಸಿಕ್ಕ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಆಮೇಲೆ ಶಾಲೆಯಲ್ಲಿ ಬಿಸಿಯೂಟ ಸಿಕ್ಕರೆ ಅದು ಸರಿಹೋಗುತ್ತದೆಯೇ? ಉತ್ತರ ಬಂತು: ಬರಕ್ಕೆ ಸಿಕ್ಕ ಕುಟುಂಬಗಳ ಮಕ್ಕಳಿಗೆ ಬಿಸಿಯೂಟದಿಂದ ದೊಡ್ಡ ಮಟ್ಟದ ಲಾಭ ಆಗಿತ್ತು. ನನಗೆ ಇದನ್ನು ಓದಿದಾಗ ಸಂತೋಷವೂ ಆಯಿತು, ಸಂಕಟವೂ ಆಯಿತು. ಸಂತೋಷ ಯಾಕೆ ಎಂದು ಹೇಳಬೇಕಿಲ್ಲ. ಸಂಕಟ ಯಾಕೆಂದರೆ, ಅದೇ 2002ರಲ್ಲಿ ಕರ್ನಾಟಕವೂ ಅಕ್ಷರ ದಾಸೋಹ ಶುರು ಮಾಡಿತ್ತು. ಮೊದಲು ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ನಮ್ಮ ಲಕ್ಷಾಂತರ ಮಕ್ಕಳು ಆ ಊಟ ಉಂಡು ಬೆಳೆದರು. ರಾಯಚೂರಿನ, ಯಾದಗಿರಿಯ, ಪಾವಗಡದ ಆ ಮಕ್ಕಳು ಏನಾದರು ಎಂದು ತೋರಿಸಲು ಸರ್ಕಾರದ ಕೈಯಲ್ಲಿ ಇಂಥ ಒಂದು ಲೆಕ್ಕ ಇಲ್ಲ. ಗಡಿಯಾಚೆಯ ಮಕ್ಕಳ ಲೆಕ್ಕ ನೋಡಿ ನಮ್ಮ ಮಕ್ಕಳ ಬಗ್ಗೆ ಊಹೆ ಮಾಡಬೇಕು.

ಈಗ ಗೃಹಲಕ್ಷ್ಮಿಯ ವಿಷಯದಲ್ಲೂ ಇದೇ ಆಗುತ್ತಿದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ. ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಇಷ್ಟು ದೊಡ್ಡ ಪ್ರಮಾಣದಲ್ಲಿ ಮನೆಯ ಯಜಮಾನಿಯ ಕೈಗೆ ನೇರವಾಗಿ ದುಡ್ಡು ಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲಿ ಹಿಂದೆ ಇಲ್ಲ. ಪರ ಇರುವವರು ಮನೆಗಳೇ ಬದಲಾದವು ಅನ್ನುತ್ತಾರೆ. ವಿರೋಧಿಸುವವರು ದುಡ್ಡು ಸುಮ್ನೆ ಹೋಯಿತು ಅನ್ನುತ್ತಾರೆ. ಯೋಜನೆ ಬರುವ ಮೊದಲು ಒಂದಷ್ಟು ಸಾವಿರ ಮನೆಗಳಿಗೆ ಹೋಗಿ ಸಾಲ ಎಷ್ಟಿದೆ, ಚೀಟಿ ಕಟ್ಟುತ್ತೀರಾ, ಧರ್ಮಸ್ಥಳ ಸಂಘದಲ್ಲಿ ಕಂತು ಎಷ್ಟು, ಮನೆಯಲ್ಲಿ ಹಾಲು ಮೊಟ್ಟೆ ಎಷ್ಟು ದಿನಕ್ಕೊಮ್ಮೆ, ಆಸ್ಪತ್ರೆಗೆ ಹೋಗಲು ಯಾರನ್ನು ಕೇಳಬೇಕು ಎಂದು ಬರೆದುಕೊಂಡಿದ್ದರೆ, ಇವತ್ತು ಅದೇ ಯಜಮಾನಿಯನ್ನು ಮತ್ತೆ ಕೇಳಬಹುದಿತ್ತು. ಈಗ ಹೋಗಿ ‘ಆಗ ಹೇಗಿತ್ತಮ್ಮಾ?’ ಎಂದರೆ ಅವರಿಗೆ ನೆನಪಿರುವಷ್ಟು ಹೇಳುತ್ತಾರೆ. ನೆನಪು ಬೇರೆ, ಆಗಲೇ ಬರೆದಿಟ್ಟದ್ದು ಬೇರೆ. ಮುಂದಿನ ಯೋಜನೆ ಯಾವ ಪಕ್ಷದ್ದೇ ಇರಲಿ, ಅದು ಬರುವ ಮುಂಚಿನ ಲೆಕ್ಕ ನಮ್ಮ ಕೈಯಲ್ಲಿ ಇರಬೇಕು.

ಹಳೆಯ ದಾಖಲೆಯ ಬೆಲೆ ಏನು ಎಂದು ಕನ್ನಡ ನಾಡಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಅಲ್ಲಿನ ವೈದ್ಯರು ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರ ಜೊತೆ ಸೇರಿ, ಆ ರಿಜಿಸ್ಟರ್ ಹಿಡಿದು, ಆಗ ಹುಟ್ಟಿದವರು ಈಗ ಎಲ್ಲಿದ್ದಾರೆ ಎಂದು ಹುಡುಕಿದರು. ನಡುವಯಸ್ಸು ಮುಟ್ಟಿದ್ದ 517 ಜನರನ್ನು ಪರೀಕ್ಷಿಸಿದರು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ಪ್ರಕಟಿಸಿದರು. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಪೋಷಣೆ ಐವತ್ತು ವರ್ಷದ ನಂತರದ ಹೃದಯದ ಮೇಲೆ ಪರಿಣಾಮ ಬೀರಬಹುದು ಅನ್ನುವ ವಾದಕ್ಕೆ ಭಾರತದಿಂದ ಬಲ ಸಿಕ್ಕಿದ್ದು ಹೀಗೆ. 1934ರಲ್ಲಿ ಹೆರಿಗೆ ವಾರ್ಡಿನಲ್ಲಿ ತಕ್ಕಡಿ ಹಿಡಿದಿದ್ದ ನರ್ಸಿಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಅವರು ನಿಯಮದಂತೆ ಬರೆದರು. ಯಾರೋ ಅದನ್ನು ಎಸೆಯದೆ ಕಾಪಾಡಿದರು. ಆ ಇಬ್ಬರಿಗೂ ನಾನು ಋಣಿ.

ಹೊರದೇಶಗಳಲ್ಲಿ ಇದು ಹಳೆಯ ಪದ್ಧತಿ. ಬ್ರಿಟನ್ನಿನಲ್ಲಿ 1946ರ ಮಾರ್ಚ್‌ನ ಒಂದು ವಾರ ಹುಟ್ಟಿದ ಮಕ್ಕಳಲ್ಲಿ 5,362 ಜನರನ್ನು ಆರಿಸಿ, ಮುಪ್ಪಿನವರೆಗೂ ಅವರ ಜೊತೆ ಸಂಪರ್ಕ ಇಟ್ಟುಕೊಂಡಿದ್ದಾರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1968ರಲ್ಲಿ ಸುಮಾರು 5,000 ಕುಟುಂಬಗಳಿಂದ ಶುರು ಮಾಡಿದ್ದು ಇವತ್ತಿಗೂ ನಡೆಯುತ್ತಿದೆ. ಅದರಲ್ಲಿ ಮಕ್ಕಳು ಮನೆ ಬಿಟ್ಟು ಬೇರೆ ಸಂಸಾರ ಹೂಡಿದರೆ ಅವರ ಹೊಸ ಮನೆಗೂ ಹೋಗುತ್ತಾರೆ. ಅಷ್ಟು ದೂರ ಹೋಗುವುದೂ ಬೇಡ. ಕೇರಳ 1998ರಿಂದ ಸುಮಾರು ಐದು ವರ್ಷಕ್ಕೊಮ್ಮೆ ವಲಸೆಯ ಸಮೀಕ್ಷೆ ಮಾಡುತ್ತಾ ಬಂದಿದೆ. ತಮಿಳುನಾಡು ಸರ್ಕಾರ ಅದೇ ಮನೆಗಳಿಗೆ ಮತ್ತೆ ಹೋಗುವ ತನ್ನದೇ ಸಮೀಕ್ಷೆಯನ್ನು ಕೈಗೆತ್ತಿಕೊಂಡಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ 1975ರಿಂದ ಒಣಬೇಸಾಯದ ಹಳ್ಳಿಗಳಲ್ಲಿ ಇಂಥ ಅಧ್ಯಯನ ಮಾಡಿತು. ಮುಂದೆ ನಮ್ಮ ವಿಜಯಪುರ ಮತ್ತು ತುಮಕೂರು ಜಿಲ್ಲೆಯ ಕೆಲವು ಹಳ್ಳಿಗಳನ್ನೂ ಅದಕ್ಕೆ ಸೇರಿಸಿಕೊಂಡಿತು. ಅಂದರೆ ನಮ್ಮ ಜನ ಇಂಥ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರ ಕೊಟ್ಟಿದ್ದಾರೆ.

ಹಾಗಾದರೆ ಹೇಗೆ ಮಾಡಬೇಕು? ಎಲ್ಲವನ್ನೂ ಹೇಳುವಷ್ಟು ತಿಳಿದವಳು ನಾನಲ್ಲ, ನಿಮ್ಮ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದಲ್ಲಿ ಅನುಭವಿಗಳಿದ್ದಾರೆ. ಆದರೆ ಮೂರು ವಿಷಯಗಳಲ್ಲಿ ಗಟ್ಟಿಯಾಗಿ ಹೇಳಬೇಕಿದೆ.

ಮೊದಲನೆಯದು ಗುಳೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳು ನಿಮಗೆ ಗೊತ್ತು. ಎರಡನೇ ಸಲ ಹೋದಾಗ ಮನೆಗೆ ಬೀಗ. ಸಿಬ್ಬಂದಿ ‘ಮನೆ ಬೀಗ’ ಎಂದು ಬರೆದು ಪಕ್ಕದ ಮನೆಗೆ ಹೋಗುತ್ತಾರೆ. ಅಲ್ಲಿಗೆ ಸಮೀಕ್ಷೆ ಕೆಟ್ಟಿತು ಎಂದೇ ಲೆಕ್ಕ. ಯಾಕೆಂದರೆ ಕೈಗೆ ಸಿಗದೆ ಹೋಗುವವರು ಎಲ್ಲರಂತೆ ಇರುವವರಲ್ಲ. ಸಾಲಕ್ಕೆ ಊರು ಬಿಟ್ಟವರು, ಗಂಡ ಬಿಟ್ಟ ಹೆಂಗಸರು, ಕೊಳೆಗೇರಿಯಿಂದ ಎಬ್ಬಿಸಿದವರು, ಮನೆ ಬಾಡಿಗೆ ಏರಿ ಬೇರೆ ಏರಿಯಾಗೆ ಹೋದವರು. ಐಎಚ್‌ಡಿಎಸ್‌ನ ಎರಡನೇ ಸುತ್ತಿನಲ್ಲೂ ಇಡೀ ಕುಟುಂಬ ಊರು ಬಿಟ್ಟು ಹೋಗಿದ್ದರೆ ಅದರ ಹಿಂದೆ ಹೋಗಲಿಲ್ಲ. ಹಳ್ಳಿಗಿಂತ ಪಟ್ಟಣದಲ್ಲಿ ಜಾಸ್ತಿ ಮನೆಗಳು ಕೈತಪ್ಪಿದವು. ನಮ್ಮ ಸಮೀಕ್ಷೆ ಆ ಜನರ ಹಿಂದೆ ಹೋಗಬೇಕು. ಎರಡು ಮೂರು ಫೋನ್ ನಂಬರ್, ಊರಿನಲ್ಲಿ ಉಳಿದಿರುವ ಅತ್ತೆಯ ಅಥವಾ ಅಣ್ಣನ ನಂಬರ್ ಇಟ್ಟುಕೊಂಡು, ನಡುನಡುವೆ ಫೋನ್ ಮಾಡುತ್ತಾ, ಬೇಕಾದರೆ ವೈಟ್‌ಫೀಲ್ಡ್‌ನ ಶೆಡ್ಡಿಗೂ ಹೋಗಬೇಕು. ಖರ್ಚು ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಮನೆಗಳ ಸಂಖ್ಯೆ ಕಡಿಮೆ ಮಾಡಿ, ಈ ಖರ್ಚನ್ನು ಕಡಿಮೆ ಮಾಡಬೇಡಿ.

ಎರಡನೆಯದು ರೇಷನ್ ಕಾರ್ಡು. ಯಾರಾದರೂ ಫೈಲು ಹಿಡಿದು ಬಂದು ಮನೆಯಲ್ಲಿ ಬೈಕ್ ಇದೆಯಾ, ಫ್ರಿಡ್ಜ್ ಇದೆಯಾ ಎಂದು ಕೇಳಿದರೆ ನಮ್ಮ ಜನರಿಗೆ ಮೊದಲು ಬರುವ ಯೋಚನೆ ಒಂದೇ: ಬಿಪಿಎಲ್ ಕಾರ್ಡ್ ಹೋಗುತ್ತದಾ? ಆ ಭಯ ಇರುವ ತನಕ ನಿಜವಾದ ಉತ್ತರ ಸಿಗುವುದಿಲ್ಲ. ಭಯಪಡುವವರದ್ದು ತಪ್ಪೂ ಅಲ್ಲ. ಆದ್ದರಿಂದ ಈ ಸಮೀಕ್ಷೆಯನ್ನು ಸರ್ಕಾರದ ‘ಕುಟುಂಬ’ ತಂತ್ರಾಂಶಕ್ಕೆ ಜೋಡಿಸಬೇಡಿ, ರೇಷನ್ ಕಾರ್ಡಿಗೆ ಜೋಡಿಸಬೇಡಿ, ಆಧಾರ್ ಕೇಳಲೇ ಬೇಡಿ. ಕುಟುಂಬ ತಂತ್ರಾಂಶದಲ್ಲಿ ಎಲ್ಲರ ಮಾಹಿತಿ ಇದೆಯಲ್ಲ, ಇನ್ನೊಂದು ಸಮೀಕ್ಷೆ ಯಾಕೆ ಎಂದು ಯಾರಾದರೂ ಕೇಳಬಹುದು. ಯಾರಿಗೆ ಯಾವ ಸೌಲಭ್ಯ ಸಿಗಬೇಕು ಎಂದು ನೋಡಲು ಮಾಡಿದ ವ್ಯವಸ್ಥೆ ಅದು. ಆ ಮನೆಯ ಹುಡುಗ ಎಂಟನೇ ಕ್ಲಾಸಿಗೆ ಶಾಲೆ ಯಾಕೆ ಬಿಟ್ಟ ಎಂದು ಅದಕ್ಕೆ ಗೊತ್ತಿಲ್ಲ. 2015 ಮತ್ತು 2025ರ ಸಮೀಕ್ಷೆಯ ಕಡತಗಳನ್ನು ಒಂದಕ್ಕೊಂದು ಜೋಡಿಸಿ ಎಂದೂ ನಾನು ಕೇಳುತ್ತಿಲ್ಲ. ಜನ ಆ ಮಾಹಿತಿ ಕೊಟ್ಟದ್ದು ಬೇರೆ ಕೆಲಸಕ್ಕೆ. ಇಲ್ಲಿ ಹೊಸದಾಗಿ ಕೇಳಿ, ಒಪ್ಪಿದವರನ್ನು ಮಾತ್ರ ಸೇರಿಸಿಕೊಳ್ಳಿ, ಪ್ರತಿ ಸುತ್ತಿನಲ್ಲೂ ಮತ್ತೆ ಒಪ್ಪಿಗೆ ಕೇಳಿ. ಕೊಟ್ಟ ಉತ್ತರದಿಂದ ಯಾವ ಸೌಲಭ್ಯವೂ ಬರುವುದಿಲ್ಲ, ಯಾವ ಸೌಲಭ್ಯವೂ ಹೋಗುವುದಿಲ್ಲ ಎಂದು ಸರ್ಕಾರಿ ಆದೇಶದಲ್ಲೇ ಬರೆಯಿರಿ.

ಇದೇ ಕಾರಣಕ್ಕೆ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಹೆಗಲಿಗೆ ಈ ಕೆಲಸ ಹಾಕಬೇಡಿ. ಅವರಿಗೆ ಈಗಿರುವ ಕೆಲಸವೇ ಹೊರಲಾರದಷ್ಟಿದೆ. ಜೊತೆಗೆ, ಮೊಟ್ಟೆ, ಲಸಿಕೆ, ತಾಯಿ ಕಾರ್ಡು ಕೊಡುವವರ ಎದುರು ಜನ ಮನಬಿಚ್ಚಿ ಮಾತಾಡುವುದು ಕಷ್ಟ. ಆಯಾ ಜಿಲ್ಲೆಯ ಪದವೀಧರ ಯುವಕ ಯುವತಿಯರನ್ನೇ ತರಬೇತಿ ಕೊಟ್ಟು, ಒಳ್ಳೆಯ ಸಂಬಳಕ್ಕೆ, ವರ್ಷಗಟ್ಟಲೆ ಇರುವ ಹಾಗೆ ನೇಮಿಸಿಕೊಳ್ಳಿ. ಹೋದ ಸಲ ಬಂದಿದ್ದ ಹುಡುಗಿಯೇ ಈ ಸಲವೂ ಬಂದರೆ ಮನೆಯವರು ಕೂರಿಸಿ ಮಾತಾಡುತ್ತಾರೆ. ಲಂಬಾಣಿ ತಾಂಡಾಕ್ಕೆ ಲಂಬಾಣಿ ಬಲ್ಲವರು ಹೋಗಲಿ. ತುಳು, ಕೊಡವ, ಉರ್ದು, ಮರಾಠಿ, ತೆಲುಗು ಮನೆಮಾತಿನವರಿಗೂ ಹಾಗೆಯೇ.

ಮೂರನೆಯದು ಮಾಹಿತಿ ಬಿಡುಗಡೆ. ಕ್ಷೇತ್ರಕಾರ್ಯ ಮುಗಿದ ಒಂದು ವರ್ಷದೊಳಗೆ ಡೇಟಾ ಹೊರಗೆ ಬರಬೇಕು. ಈ ಗಡುವನ್ನು ಮೊದಲೇ ಆದೇಶದಲ್ಲಿ ಹಾಕಬೇಕು. ಯಾವ ಸರ್ಕಾರ ಬಂದರೂ, ಫಲಿತಾಂಶ ಇಷ್ಟವಾದರೂ ಆಗದಿದ್ದರೂ ಅದು ಹೊರಗೆ ಬರಬೇಕು. 2015ರ ಸಮೀಕ್ಷೆಯ ವರದಿ ವರ್ಷಗಟ್ಟಲೆ ಹೊರಗೆ ಬಾರದೆ ಕೂತಿದ್ದನ್ನು ರಾಜ್ಯ ನೋಡಿದೆ. ಹಾಗೆಂದು ಊರಿನ ಹೆಸರು ಸಮೇತ ಎಲ್ಲವನ್ನೂ ಹಾಕಿ ಎಂದಲ್ಲ. ಸಣ್ಣ ಊರಿನಲ್ಲಿ ಜಾತಿ, ವಯಸ್ಸು, ಕಸುಬು ಮೂರು ಸೇರಿದರೆ ಅದು ಯಾರ ಮನೆ ಎಂದು ಪಕ್ಕದವರಿಗೆ ತಿಳಿದುಬಿಡುತ್ತದೆ. ಹಾಗಾಗಿ ಜಿಲ್ಲೆಯ ಮಟ್ಟಕ್ಕೆ ನಿಲ್ಲಿಸಿ. ಅದಕ್ಕಿಂತ ಸೂಕ್ಷ್ಮ ಮಾಹಿತಿ ಬೇಕಾದ ಸಂಶೋಧಕರು ಅರ್ಜಿ ಹಾಕಿ, ನಿಮ್ಮ ಕಚೇರಿಯಲ್ಲೇ ಕೂತು ನೋಡಲಿ.

ಪ್ರಶ್ನಾವಳಿ ಮತ್ತು ವಿವರಣೆ ಪುಸ್ತಕ ಕನ್ನಡದಲ್ಲೂ ಬರಲಿ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ. ನನ್ನ ವಿದ್ಯಾರ್ಥಿಗಳು ಲೆಕ್ಕದಲ್ಲಿ ಚುರುಕು. ಉಚಿತವಾಗಿ ಸಿಗುವ ತಂತ್ರಾಂಶದಲ್ಲಿ ಕೋಷ್ಟಕ ಮಾಡಲು ಬೇಗ ಕಲಿಯುತ್ತಾರೆ. ಅವರು ಎಡವುವುದು ನೂರಾರು ಪುಟದ ಇಂಗ್ಲಿಷ್ ವಿವರಣೆಯಲ್ಲಿ, ಒಂದೊಂದು ಕೋಡ್ ಏನು ಎಂದು ಹುಡುಕುವಾಗ. ಗುತ್ತಿಗೆ, ಕೋರು, ಕೈಸಾಲ, ಚೀಟಿ, ಇವು ಅವರ ಮನೆಯ ಮಾತುಗಳು. ಆ ಮಾತುಗಳಲ್ಲೇ ಪ್ರಶ್ನೆ ಇದ್ದರೆ ಉತ್ತರ ಕೊಡುವವರಿಗೂ ಸುಲಭ, ಓದುವವರಿಗೂ ಸುಲಭ. ಸಿಂಧನೂರಿನ ಬಿಎ ವಿದ್ಯಾರ್ಥಿನಿ ತನ್ನ ಜಿಲ್ಲೆಯ ಮನೆಗಳ ಹತ್ತು ವರ್ಷದ ಲೆಕ್ಕವನ್ನು ತಾನೇ ತೆಗೆದು ನೋಡಿ, ಅಧ್ಯಾಪಕರ ಜೊತೆ, ಶಾಸಕರ ಜೊತೆ ವಾದ ಮಾಡುವ ದಿನ ಬರಲಿ ಎಂದು ನನ್ನ ಆಸೆ.

ಹಿಂದುಳಿದ ತಾಲ್ಲೂಕುಗಳನ್ನು ನಂಜುಂಡಪ್ಪ ಸಮಿತಿ 2002ರಲ್ಲೇ ಗುರುತಿಸಿ ಕೊಟ್ಟಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಆ ವರದಿಯ ಮೇಲೆ ಬಹಳ ಕೆಲಸ ಆಯಿತು, ದುಡ್ಡೂ ಹೋಯಿತು. ಆ ವರ್ಷ ಆ ತಾಲ್ಲೂಕುಗಳಲ್ಲಿ ಹುಟ್ಟಿದ ಮಕ್ಕಳು ಈಗ ನನ್ನಂಥವರ ತರಗತಿಗಳನ್ನು ದಾಟಿ ಹೋಗಿದ್ದಾರೆ. ಅವರಲ್ಲಿ ಯಾರು ಎಲ್ಲಿಗೆ ಮುಟ್ಟಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಈ ವರ್ಷ ಹುಟ್ಟುವ ಮಕ್ಕಳ ವಿಷಯದಲ್ಲಿ ಹಾಗಾಗದಂತೆ ಮಾಡಲು ಇನ್ನೂ ಸಮಯ ಇದೆ.

ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಬೇರೆಯೇ ಒಂದು ಲೆಕ್ಕಶೀರ್ಷಿಕೆ ಕೊಡಿ. ಒಂದು ವರ್ಷಕ್ಕಲ್ಲ, ಕನಿಷ್ಠ ಹತ್ತು ವರ್ಷಕ್ಕೆ ಆಗುವಂತೆ ಕೊಡಿ. ಎರಡೇ ಸುತ್ತಿಗೆ ನಿಲ್ಲಿಸುವ ಹಾಗಿದ್ದರೆ ಶುರು ಮಾಡುವುದೇ ಬೇಡ. ಪ್ರಶ್ನಾವಳಿ ಸಿದ್ಧಪಡಿಸುವ ಹಂತದಲ್ಲಿ ಜಿಲ್ಲೆಗಳ ಕಾಲೇಜು ಅಧ್ಯಾಪಕರನ್ನೂ ಕರೆಯಿರಿ. ನಾನೂ ಬರುತ್ತೇನೆ. ಬರಲು ಸಿದ್ಧರಿರುವ ಇನ್ನೂ ಹಲವರು ನನಗೆ ಗೊತ್ತು.

ವಂದನೆಗಳೊಂದಿಗೆ,

ಅರ್ಥಶಾಸ್ತ್ರ ಉಪನ್ಯಾಸಕಿ,
ತುಮಕೂರು ಜಿಲ್ಲೆ